ನಾಲ್ಕೂವರೆಯ ಎಡೆ

ಬೇಗೂರು
28-6-2006

ಮಗಳು ರೂಪಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹೊಲದಲ್ಲಿ ಸೂರ್ಯಕಾಂತಿ ಮೊಗ್ಗಾಗಿದೆ. ನಿಮ್ಮಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ.

ಈಗ ಬೈಯುತ್ತಿರುವುದು ಎಡೆಯ ವಿಷಯಕ್ಕೆ. ಫುಟ್‌ಬಾಲ್ ವಿಶ್ವಕಪ್ ಶುರುವಾದಂದಿನಿಂದ ಸಂಜೆ ನಾಲ್ಕೂವರೆಗೆ ನಿನ್ನಣ್ಣ ಸೋಮೇಶನ ಪಟದ ಮುಂದೆ ಟೀ, ಕಡ್ಲೆಪುರಿ ಇಟ್ಟು ಟಿವಿ ಹಾಕುತ್ತೇನೆ. "ಅಮಾಸೆ ಇಲ್ದೆ ಯಾರಮ್ಮಿ ಎಡೆ ಇಕ್ತಾರೆ? ಸತ್ತೋರು ಟಿವಿ ನೋಡಾರಾ?" ಎನ್ನುತ್ತಾರೆ. ಇವರಪ್ಪನ ಎಡೆಗೆ ಬೀಡಿ ಇಡುವುದಿಲ್ಲವೇ? ನನ್ನ ಮಗನಿಗೆ ಇಷ್ಟವಿದ್ದದ್ದು ಆ ಚೆಂಡಿನಾಟ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಕೆಲಸಕ್ಕಿದ್ದಾಗ ಕೇರಳದ ಲಾರಿಯವರು ಹತ್ತಿಸಿದ ಹುಚ್ಚು.

ಆದರೆ ನಾಲ್ಕೂವರೆಗೆ ಟಿವಿಯಲ್ಲಿ ಆಟವೇ ಇಲ್ಲ. ಬರೀ ಸೋಪು, ಹಲ್ಲುಪುಡಿ. ಟೀ ಕೆನೆ ಕಟ್ಟುತ್ತದೆ. ಅಷ್ಟರಲ್ಲಿ ಬಾಗಿಲಾಚೆ ಬೈಕು ನಿಂತ ಸದ್ದಾಗುತ್ತದೆ. ಎದ್ದು ಹೋದರೆ ಯಾರೂ ಇಲ್ಲ. ನನ್ನ ಭ್ರಮೆ ಅನ್ನು, ಪರವಾಗಿಲ್ಲ. ಆದರೆ ಮೊನ್ನೆ ಆ ಸದ್ದಿಗೆ ನಿಮ್ಮಪ್ಪನೂ ತಲೆಯೆತ್ತಿದರು. 

ಸೋಮೇಶನ ಗೆಳೆಯ ನೀಲಕಂಠಸ್ವಾಮಿ ಬಂದಾಗ, ಆಟದ ಹೊತ್ತು ಯಾಕೆ ಬದಲಾಯಿತೆಂದು ಕೇಳಿದೆ. "ಓದ್ಸಲ ಆಟ ಜಪಾನ್ ಕಡೆ ಕಣವ್ವ, ನಮ್ಗೆ ಅಗಲೊತ್ನಲ್ಲೇ ಬತ್ತಿತ್ತು. ಈಗ ಜರ್ಮನಿಲಿ. ಅಲ್ಲೋರು ಕೆಲ್ಸ ಮುಗ್ಸಿ ಟಿವಿ ಮುಂದೆ ಕುಂತ್ಕಳೋ ಒತ್ಗೆ ಇಕ್ತಾರೆ. ನೋಡೋ ಜನ ಎಲ್ಲಿ ಜಾಸ್ತಿ ಅವ್ರೋ ಅವ್ರ ಒತ್ತು ಕಣವ್ವ. ನಮ್ನ ಯಾರು ಕೇಳಾರು ಬುಡು" ಎಂದ. ಈ ಸಲ ಫೈನಲ್ ನಮಗೆ ರಾತ್ರಿ ಹನ್ನೊಂದೂವರೆಗಂತೆ. ಲೋಕದವರ ಹೊತ್ತನ್ನೆಲ್ಲ ನೋಡುವವರು ನನ್ನ ಮಗನ ಹೊತ್ತನ್ನು ಯಾಕೆ ನೋಡಲಿಲ್ಲ ಎಂದು ಸಿಟ್ಟು ಬಂತು. ಅವನು ಹಳೆಯ ಹೊತ್ತಿಗೇ ಬಂದು, ಆಟ ಕಾಣದೆ ಹಿಂದಿರುಗುತ್ತಿದ್ದಾನೆ ರೂಪಾ.

ಒಂಬತ್ತನೇ ತಾರೀಕು ಫೈನಲ್. ನೀನು ಬಾ. ಮದುವೆಯಾದ ಮೇಲೆ ಯಾವಾಗ ಬಂದರೂ ನಾಲ್ಕಕ್ಕೆ ಮೊದಲೇ ಚಾಮರಾಜನಗರಕ್ಕೆ ಹೊರಟುಬಿಡುತ್ತೀಯೆ. ಯಾಕೆಂದು ನಾನು ಕೇಳಲಿಲ್ಲ. ಈ ಸಲ ಉಳಿದುಕೋ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಾದಪ್ಪ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅವ್ವ,
ದೊಡ್ಡಮಲ್ಲಮ್ಮ

ತಾ.ಕ.: ನಾಲ್ಕು ವರ್ಷದ ಕೆಳಗೆ ಸೆಮಿಫೈನಲ್ ಐದಕ್ಕಿತ್ತು. ಫೈನಲ್ಲೂ ಐದಕ್ಕೇ ಎಂದುಕೊಂಡು ಅವನು ಮಂಡಿಯಲ್ಲೇ ಕೂತಿದ್ದ. ನೀನು ಫೋನ್ ಮಾಡಿ, "ಐದಕ್ಕಲ್ಲ ಕಣಣ್ಣ, ನಾಲ್ಕೂವರೆಗೇ, ಬಿರ್ನೆ ಬಾ" ಎಂದೆ. ಅವನು ಬೈಕು ಹಾರಿಸಿಕೊಂಡು ಬರುತ್ತಾ ಲಾರಿಗೆ ಸಿಕ್ಕ. ಆಟವನ್ನು ಅರ್ಧ ಗಂಟೆ ಮುಂಚೆ ಇಟ್ಟವರು ಯಾರೋ, ನೀನಲ್ಲ ಮಗಳೇ. ಹೊತ್ತು ಬದಲಾಗಿದೆ ಎಂದು ದಿನಾ ಪಟದ ಮುಂದೆ ಹೇಳುತ್ತೇನೆ, ಅವನಿಗೆ ಕೇಳಿಸುತ್ತಿಲ್ಲ. ಆಟದ ಹೊತ್ತನ್ನು ಅವನು ಕೇಳುತ್ತಿದ್ದದ್ದು ನಿನ್ನಿಂದಲೇ ಅಲ್ಲವೇ? ಬಂದು ನೀನೇ ಹೇಳು: ಆಟ ರಾತ್ರಿಗಂತೆ ಅಣ್ಣ, ನಿಧಾನವಾಗಿ ಬಾ.