ಪಾಲುದಾರರನ್ನು ಕರೆತರಬಾರದು

ಮಾನ್ಯ ಯೋಜನಾ ನಿರ್ದೇಶಕರೇ,

ಮರೆವಿನ ಕಾಯಿಲೆಯ ಬಗ್ಗೆ ತಮ್ಮ ಕಚೇರಿ ಹೊರಡಿಸಿದ ವರದಿ ಕೈಸೇರಿತು. ‘ಕಾಯಿಲೆಯುಳ್ಳವರನ್ನೇ ಪಾಲುದಾರರನ್ನಾಗಿಸಿಕೊಂಡು ವಿಸ್ತೃತ ಸಮಾಲೋಚನೆ ನಡೆಸಲಾಯಿತು’ ಎಂದು ಅದರಲ್ಲಿದೆ. ಆ ಪಾಲುದಾರರ ಪೈಕಿ ಒಬ್ಬಳು ನನ್ನ ಹೆಂಡತಿ ರಾಜೀವಿ. ಅವಳನ್ನು ತಾವು ಏನೂ ಕೇಳಲೇ ಇಲ್ಲ ಎಂಬುದೊಂದೇ ನನ್ನ ತಕರಾರು.

ರಾಜೀವಿ ಮೂವತ್ತೈದು ವರ್ಷ ಕೋಡಿಯ ತೀರದಿಂದ ಬುಟ್ಟಿ ಹೊತ್ತು ಕೋಟೇಶ್ವರದ ಮನೆಮನೆಗೆ ಮೀನು ಮಾರಿದವಳು. ಮೂರು ವರ್ಷದ ಹಿಂದೆ, 2009ರಲ್ಲಿ, ಡಾಕ್ಟರು ಡಿಮೆನ್ಷಿಯಾ ಎಂದರು. ಈಗ ಮೀನುಗಳ ಹೆಸರೆಲ್ಲ ನೆನಪಿದೆ, ತಂಗಿಯ ಹೆಸರು ಜಾರುತ್ತದೆ. ನನ್ನ ಹೆಸರು, ಆಯಾ ದಿನ ನಾನು ನಡೆದುಕೊಂಡಂತೆ.

ಕಳೆದ ವರ್ಷ ತಮ್ಮ ಸಮೀಕ್ಷೆಯ ಹುಡುಗಿ ಕ್ಷಮಾ ಮನೆಗೆ ಬಂದರು. ಅರವತ್ತೆರಡು ಪ್ರಶ್ನೆ, ಅರವತ್ತೆರಡೂ ನನಗೆ. ‘ಅವರು ಸರಿಯಾಗಿ ಊಟ ಮಾಡುತ್ತಾರಾ? ಸಿಟ್ಟು ಮಾಡುತ್ತಾರಾ?’ ಪಕ್ಕದಲ್ಲೇ ಕುಳಿತಿದ್ದ ರಾಜೀವಿ ಕೊನೆಗೆ ಬಾಯಿ ತೆರೆದಳು: “ಹ್ವಾಯ್, ನಾನ್ ಇಲ್ಲೇ ಇದ್ದೆ ಅಲ್ದಾ? ನನ್ನತ್ರ ಕೇಣಿ. ಸಿಟ್ಟ್ ಈಗ ಬಂತ್ ಕಾಣಿ!” ಕ್ಷಮಾ ನಕ್ಕರು. ಆದರೆ ತಮ್ಮ ಹಾಳೆಯಲ್ಲಿ ಅವಳ ಉತ್ತರಕ್ಕೆ ಜಾಗವಿರಲಿಲ್ಲ. ‘ಸಿಟ್ಟು: ಹೌದು’ ಎಂದು ಗುರುತು ಬಿತ್ತು.

ಆಮೇಲೆ ಕುಂದಾಪುರದಲ್ಲಿ ತಮ್ಮ ಸಮಾಲೋಚನಾ ಸಭೆ. ಆಮಂತ್ರಣದ ಅಡಿಯಲ್ಲಿ ಸೂಚನೆ: ‘ರೋಗಿಗಳನ್ನು ಕರೆತರಬಾರದು.’ ನಾನು ಕರೆದುಕೊಂಡೇ ಹೋದೆ. ಬಾಗಿಲಲ್ಲಿ ತಡೆದವನಿಗೆ ರಾಜೀವಿ, “ಮದಿ ಮಾಡುಕ್ ಹೊರ್ಟ್ ಮದ್ಮಗ್ಳನ್ನೇ ಹೊರ್ಗ್ ನಿಲ್ಸುದಾ?” ಎಂದಳು. ಅವನು ಪಕ್ಕಕ್ಕೆ ಸರಿದ, ನಾವು ಒಳಗೆ ಹೋಗಿ ಕುಳಿತೆವು.

ವೇದಿಕೆಯ ಮೇಲೆ ತಾವು ಹೇಳುತ್ತಿದ್ದಿರಿ: ‘ಇಂಥವರು ಬೆಳಗಾದರೆ ಗುರಿಯಿಲ್ಲದೆ ಅಲೆಯುತ್ತಾರೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಸುರಕ್ಷಿತ.’ ನಾನು ತಲೆ ತಗ್ಗಿಸಿದೆ. ಮೂರು ತಿಂಗಳಿಂದ ನಾನು ಮಾಡುತ್ತಿದ್ದುದೂ ಅದನ್ನೇ. ಒಳಗಿನಿಂದ ಬಡಿದು ಬಡಿದು ಅವಳ ಅಂಗೈ ಬಾತುಕೊಂಡಿತ್ತು. ಅಷ್ಟರಲ್ಲಿ ರಾಜೀವಿ ಎದ್ದು ನಿಂತಳು.

“ನಾನ್ ಸುಮ್ನೆ ತಿರ್ಗುದಲ್ಲ. ದೋಣಿ ಬಪ್ಪು ಹೊತ್ತಿಗೆ ಕಾಲ್ ತನ್ನಷ್ಟಕ್ಕೇ ಹೋತ್ತ್. ದಾರಿ ಮರ್ತ್ ಹೋತ್ತ್, ಹೌದ್. ಅದ್ಕೆ ಬಾಗ್ಲ್ ಹಾಕುದಾ? ಯಾರಾರೂ ಒಟ್ಟಿಗ್ ಬನ್ನಿ.”

ತಾವು ಗಡಿಯಾರ ನೋಡಿ, ‘ಭಾವನಾತ್ಮಕ ಅಭಿಪ್ರಾಯಕ್ಕೆ ಧನ್ಯವಾದ, ಊಟಕ್ಕೆ ಏಳೋಣ’ ಎಂದಿರಿ. ಸಂಶೋಧನೆ ಎಂದರೆ ಹುಡುಕುವುದು ಎಂದು ನಾನು ತಿಳಿದಿದ್ದೆ. ಸಿಕ್ಕಿದ್ದನ್ನು ಬಿಟ್ಟು ಊಟಕ್ಕೆ ಹೋಗುವುದೂ ಅದರ ವಿಧಾನವೇ?

ಕಿವಿಗೊಟ್ಟವರು ಕ್ಷಮಾ ಒಬ್ಬರೇ. ಮರುದಿನ ಬೆಳಿಗ್ಗೆ ಆರಕ್ಕೇ ಬಂದರು. ಮೂವರೂ ತೀರಕ್ಕೆ ನಡೆದೆವು. ರಾಜೀವಿ ದೋಣಿಗಳನ್ನು ನೋಡಿದಳು, ಮಾರಲು ಕುಳಿತವಳೊಬ್ಬಳ ಬಂಗಡೆಯ ಕಿವಿರು ಎತ್ತಿ “ಇದ್ ನಿನ್ನಿದ್, ಇವತ್ತಿಂದ್ ಅಲ್ಲ” ಎಂದು ಮುಖ ಕೆಡಿಸಿದಳು, ಅರ್ಧ ಗಂಟೆಯಲ್ಲಿ “ಸಾಕ್, ಚಾ ಕುಡುಕ್ ಹೋಪ” ಎಂದು ತಿರುಗಿದಳು. ಅಂದಿನಿಂದ ನಾನು ಚಿಲಕ ಮುಟ್ಟಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತೇನೆ.

ಕ್ಷಮಾ, ರಾಜೀವಿ ಇಬ್ಬರೂ ಕುಳಿತು ಪ್ರಶ್ನೆಗಳನ್ನೂ ತಿದ್ದಿದರು. ‘ಗುರಿಯಿಲ್ಲದೆ ಅಲೆಯುತ್ತಾರೆಯೇ?’ ಎಂಬುದು ‘ನಿಮಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ?’ ಎಂದಾಯಿತು. ಬೈಂದೂರು, ಬ್ರಹ್ಮಾವರಗಳಲ್ಲಿ ಕ್ಷಮಾ ಹನ್ನೊಂದು ಮಂದಿಯನ್ನು ಹಾಗೆ ಕೇಳಿದರು. ಒಂಬತ್ತು ಮಂದಿ ಜಾಗದ ಹೆಸರು ಹೇಳಿದರು, ಕಾರಣವನ್ನೂ ಹೇಳಿದರು. ಆ ಹಾಳೆಗಳು ತಮ್ಮ ಮೇಜು ತಲುಪಿವೆ, ವರದಿಯನ್ನು ತಲುಪಿಲ್ಲ. ಅಲ್ಲಿರುವುದು ಚಿಲಕದ ಶಿಫಾರಸು, ಅದೂ ದಪ್ಪಕ್ಷರದಲ್ಲಿ.

ಆದ್ದರಿಂದ ಆ ಶಿಫಾರಸನ್ನು ಹಿಂಪಡೆಯಿರಿ. ತಮ್ಮ ಸಮಿತಿಯಲ್ಲಿ ರಾಜೀವಿಗೂ ಅವಳಂಥ ಇನ್ನಿಬ್ಬರಿಗೂ ಕುರ್ಚಿ ಹಾಕಿ. ಸಭೆ ಬೆಳಿಗ್ಗೆ ಇರಲಿ, ಮಧ್ಯಾಹ್ನದ ಮೇಲೆ ಅವಳಿಗೆ ಮಾತು ಕೈಕೊಡುತ್ತದೆ. ಇದೆಲ್ಲ ಬೇಗ ಆಗಬೇಕು. ತಮ್ಮ ಯೋಜನೆಗೆ ಇನ್ನೂ ಮೂರು ವರ್ಷವಿದೆಯಂತೆ. ಅವಳಿಗೆ ಹೇಳಬೇಕಾದದ್ದು ಇನ್ನೂ ಬಹಳವಿದೆ. ಅದು ಅವಳ ನೆನಪಿನಲ್ಲಿ ಮೂರು ವರ್ಷ ಇರಲಾರದು.

ಇಂತಿ,
ತಮ್ಮ ಕಡತದಲ್ಲಿ ‘ಆರೈಕೆದಾರ’, ಮನೆಯಲ್ಲಿ ಬರಿಯ ಗಂಡ,
ಚಂದಯ್ಯ, ಕೋಡಿ