ಸೋಫಾದ ಜೊತೆ ಹೊರಗೆ ಹೋದ ಮಿರರ್

ಮ್ಜುಜು, ಮಲಾವಿ

ಮಾರೆಕ್ ಅವರಿಗೆ ನಮಸ್ಕಾರ.

ನೀವು ನೋಡಿಕೊಳ್ಳುವ ಮಿರರ್ ಪಟ್ಟಿಯಿಂದ, ಅಂದರೆ ನಿಮ್ಮ ಸಾಫ್ಟ್‌ವೇರಿನ ಪ್ರತಿ ಇಟ್ಟುಕೊಂಡು ಸುತ್ತಲಿನವರಿಗೆ ಹಂಚುವ ಕಂಪ್ಯೂಟರುಗಳ ಪಟ್ಟಿಯಿಂದ, ನಮ್ಮ ಮನೆಯ ಕಂಪ್ಯೂಟರನ್ನು ತೆಗೆದುಹಾಕಿದ್ದೀರಿ. ದಯವಿಟ್ಟು ಮತ್ತೆ ಸೇರಿಸಿ. ನಿಮ್ಮ ಆಪರೇಟಿಂಗ್ ಸಿಸ್ಟಮನ್ನು ದೂರದ ದೇಶಗಳಿಂದ ಇಳಿಸಿಕೊಳ್ಳಲಾಗದ ಇಲ್ಲಿನ ಕಾಲೇಜು ಮಕ್ಕಳು ನಮ್ಮಲ್ಲಿರುವ ಪ್ರತಿಯನ್ನೇ ನಂಬಿದ್ದಾರೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದವರು ನನ್ನ ಗಂಡ ವೈಸನ್. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅದರ ಗುಂಯ್ ಸದ್ದಿಗೆ ನಾನು ಬೈಯದ ದಿನವಿಲ್ಲ.

ಕಂಪ್ಯೂಟರ್ ಕೆಟ್ಟಿರಲಿಲ್ಲ. ನಮ್ಮಲ್ಲಿ ಸಾವಾದ ಮನೆಯ ಹಜಾರವನ್ನು ಖಾಲಿ ಮಾಡುತ್ತಾರೆ. ಬಂದ ಹೆಂಗಸರು ಚಾಪೆ ಹಾಸಿ ಅಲ್ಲೇ ಕೂರುತ್ತಾರೆ, ಅಲ್ಲೇ ಮಲಗುತ್ತಾರೆ. "ಸೋಫಾನೇ ಹೊರಗೆ ಹೋಯ್ತು, ಈ ಪೆಟ್ಟಿಗೆ ಏನು ನೆಂಟನಾ? ಎತ್ತಿ ಆಚೆ ಇಡ್ರೋ!" ಎಂದು ನಾದಿನಿ ಗದರಿದಳು. ಯಾರೋ ತಂತಿ ಕಿತ್ತರು. ವೈಸನ್ ಅವರನ್ನು ಮಣ್ಣು ಮಾಡಿ ಬಂದಾಗ ಅದು ಮಾವಿನ ಮರದಡಿ ಸೋಫಾದ ಮೇಲೆ ಕೂತಿತ್ತು. ಅದರ ಮೇಲೆ ಒಂದು ಕೋಳಿ ಕೂತಿತ್ತು.

ಕಾಲೇಜಿನ ಮೇಷ್ಟ್ರು ಗೊಮೆಜ್ಗಾನಿ ನಿನ್ನೆ ಬಂದು ಎಲ್ಲ ಜೋಡಿಸಿಕೊಟ್ಟರು. "ನಿಮಗೆ ಕಷ್ಟ ಆದ್ರೆ ಕಾಲೇಜಿಗೆ ಒಯ್ತೀನಿ ಅಕ್ಕ" ಎಂದರು.

"ಬೇಡ, ಇಲ್ಲೇ ಇರ್ಲಿ. ಏನೋ ಒಂದು ಸದ್ದು ಇರುತ್ತೆ" ಎಂದೆ.

ಹೆಚ್ಚು ಬರೆಯುವ ತ್ರಾಣವಿಲ್ಲ. ಇನ್ನೊಂದೇ ವಿನಂತಿ. ಮಿರರ್‌ಗಳು ನಡೆಯುತ್ತಿವೆಯೇ ಎಂದು ನೋಡುವ ನಿಮ್ಮ ಪ್ರೋಗ್ರಾಂ ಈಗಲೂ ದಿನಾ ಬೆಳಿಗ್ಗೆ ಮೇಲ್ ಕಳಿಸುತ್ತಿದೆ: "ವೈಸನ್ ಅವರೇ, ನಿಮ್ಮಿಂದ ಉತ್ತರ ಬರುತ್ತಿಲ್ಲ." ಇನ್ನು ಮುಂದೆ ಅದನ್ನು ನನ್ನ ಹೆಸರಿಗೆ ಕಳಿಸಿ. ನಾನು ಉತ್ತರ ಕೊಡುತ್ತೇನೆ.

ಇಂತಿ,
ಲ್ಯೂನಿಯಾ ನ್ಯಾಸುಲು