ನಾರ್ವೆಯ ಊರು ನನ್ನನ್ನು ಗೆಲ್ಲಿಸಿತು

ಅಲ್ ಖೌದ್, ಮಸ್ಕತ್

ಅಧ್ಯಕ್ಷೆ ದೊಡ್ಡವ್ವಾ, ಗೆದ್ದೆ, ಗೆದ್ದೆ, ನಿನ್ನ ಗ್ರಾಮಸಭೆಗೆ ಬರುತ್ತಿದ್ದೇನೆ! ನಿನ್ನೆ ರೂವಿಯಲ್ಲಿ ಕನ್ನಡ ಬಳಗದ ಚರ್ಚಾಸ್ಪರ್ಧೆ ಇತ್ತು. ವಿಷಯ ನಮ್ಮೂರಿನದೇ: ಸಣ್ಣ ಊರಿನ ಪಂಚಾಯಿತಿಯನ್ನು ಪಟ್ಟಣಕ್ಕೆ ಸೇರಿಸಬೇಕೇ? ನನ್ನ ಎದುರಾಳಿ ನಿನ್ನ ಹೊಸ ಅಳಿಯ! ಅವರು ಗೆದ್ದರೆ ರಜೆಗೆ ಈ ದೇಶದ ದಕ್ಷಿಣದ ಸಲಾಲಾದ ಮಳೆ, ನಾನು ಗೆದ್ದರೆ ನಮ್ಮೂರು ಎಂದು ಮಾತಾಗಿತ್ತು.

ಕೆಳಗಿನ ಫ್ಲ್ಯಾಟಿನ ನಾರ್ವೆಯ ಬೆರಿತ್ ಆಂಟಿ ಹೇಳಿದ್ದನ್ನೇ ಹೇಳಿದೆ. ಅವರ ಅಜ್ಜ ಒಂದು ಪುಟ್ಟ ಮುನ್ಸಿಪಾಲಿಟಿಯ ಕೊನೆಯ ಮೇಯರ್. ಗುಡ್ಡದಾಚೆಯ ಆಫೀಸು ದೂರವೆಂದು ಜನ ಜಗಳಾಡಿ ಪಡೆದ ಆಡಳಿತ ಅದು. ಅರವತ್ತರ ದಶಕದಲ್ಲಿ ಸರ್ಕಾರ ಅದನ್ನು ಪಕ್ಕದ ಪಟ್ಟಣಕ್ಕೆ ಸೇರಿಸಿತು. ಮೊದಲು ಆಫೀಸು ಹೋಯಿತು, ಆಮೇಲೆ ಶಾಲೆ. ಈಗ ಕೌನ್ಸಿಲ್‌ನಲ್ಲಿ ಆ ಊರಿನವರು ಒಬ್ಬರೇ. ಮೂರು ಬೆಳ್ಳಿ ಮೀನಿನ ಆ ಹಳೆಯ ಲಾಂಛನವನ್ನು ಆಂಟಿ ಇಲ್ಲಿ ಅಡುಗೆಮನೆಯಲ್ಲಿ ದೇವರ ಫೋಟೋ ಥರ ತೂಗುಹಾಕಿದ್ದಾರೆ!

ಇವರು ಎದ್ದು, "ಸೇರಿದರೆ ನಷ್ಟವೇನು? ನಾವಿಬ್ಬರೂ ಸೇರಲಿಲ್ಲವೇ?" ಅಂದರು. ಹಾಲ್ ತುಂಬ ಚಪ್ಪಾಳೆ. ನಾನು, "ಸೇರಿದ್ದೇವೆ ರೀ, ಆದರೆ ಮನೆಯಲ್ಲಿ ನನಗೂ ಅರ್ಧ ವೋಟ್ ಇದೆ. ಪಂಚಾಯಿತಿ ಹೋದರೆ ನಮ್ಮೂರಿಗೆ ಎಷ್ಟಿರುತ್ತದೆ?" ಅಂದೆ. ಮೊದಲು ಶಿಳ್ಳೆ ಹಾಕಿದ್ದು ಇವರೇ!

ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದುದು ನಿಂತಿದೆ, ಅವ್ವನಿಗೆ ಹೇಳು. ಯಾರು ಒತ್ತಾಯಿಸಿದರೂ ನಾನು ಬರುವವರೆಗೆ ನಮ್ಮೂರನ್ನು ಪಟ್ಟಣಕ್ಕೆ ಸೇರಿಸುವ ಠರಾವಿಗೆ ಸಹಿ ಹಾಕಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಆಗಸ್ಟ್ ಆರು, ಗುರುವಾರ ಬೆಳಗ್ಗೆ, ಗೋಳಗುಂಬಜ್ ಎಕ್ಸ್‌ಪ್ರೆಸ್, ಬಾಗಲಕೋಟೆ ಸ್ಟೇಷನ್.

ನಿನ್ನ ಶೈಲಾ